ಅಮೆರಿಕದಲ್ಲಿ ಬೇಟೆ, ಮೀನು ಹಿಡಿಯುವ ಹಕ್ಕು ಮತ್ತು ರಾಜ್ಯಗಳ ಹೊಣೆ: ಪದೇ ಪದೇ ಕೇಳುವ ಪ್ರಶ್ನೆಗಳು

ಕಾಡಿನ ಜಿಂಕೆ, ಹೊಳೆಯ ಮೀನು ಯಾರ ಸ್ವತ್ತು?

ಯಾರೊಬ್ಬರ ಸ್ವತ್ತೂ ಅಲ್ಲ. ನೂರು ಎಕರೆ ಜಮೀನಿದ್ದರೂ ಅದರಲ್ಲಿ ಓಡಾಡುವ ಜಿಂಕೆ ಜಮೀನಿನ ಒಡೆಯನದಾಗುವುದಿಲ್ಲ. ಜನರೆಲ್ಲರ ಪರವಾಗಿ ಅದನ್ನು ಕಾಯುವ ಹೊಣೆ ರಾಜ್ಯ ಸರ್ಕಾರದ್ದು. 1842ರಲ್ಲಿ ನ್ಯೂಜೆರ್ಸಿಯ ರಾರಿಟನ್ ಕೊಲ್ಲಿಯ ಸಿಂಪಿ ನೆಲದ ಮೇಲೆ ಒಬ್ಬ ಭೂಮಾಲೀಕ, ಇಂಗ್ಲೆಂಡಿನ ರಾಜ ಕೊಟ್ಟ ದಾನಪತ್ರದ ಆಧಾರದಲ್ಲಿ ಹಕ್ಕು ಸಾಧಿಸಲು ಹೊರಟ. ಸುಪ್ರೀಂ ಕೋರ್ಟ್ ಒಪ್ಪಲಿಲ್ಲ. ಆ ನೀರು, ಅದರಡಿಯ ನೆಲ ಜನರ ಪರವಾಗಿ ಇಟ್ಟುಕೊಂಡದ್ದು, ರಾಜನ ನಂತರ ಆ ಹೊಣೆ ರಾಜ್ಯಕ್ಕೆ ಬಂತು ಎಂದಿತು. 1896ರಲ್ಲಿ ಕನೆಕ್ಟಿಕಟ್‌ನ ಬೇಟೆಹಕ್ಕಿಗಳ ಪ್ರಕರಣದಲ್ಲಿ ಅದೇ ಕೋರ್ಟ್ ಇನ್ನೊಂದು ಹೆಜ್ಜೆ ಮುಂದೆ ಹೋಗಿ ರಾಜ್ಯವನ್ನೇ ಒಡೆಯ ಎಂದು ಕರೆಯಿತು. 1979ರಲ್ಲಿ ಒಕ್ಲಹೋಮಾದ ಸಣ್ಣ ಮೀನುಗಳ ಪ್ರಕರಣದಲ್ಲಿ ಆ ತೀರ್ಪನ್ನು ತಾನೇ ರದ್ದುಮಾಡಿತು. ಒಡೆತನದ ಮಾತು ಹೋಯಿತು, ಕಾಯುವ ಅಧಿಕಾರ ಮತ್ತು ಹೊಣೆ ರಾಜ್ಯದ ಬಳಿಯೇ ಉಳಿಯಿತು.

ಹಾಗಾದರೆ ಕೇಂದ್ರ ಸರ್ಕಾರಕ್ಕೆ ಏನು ಕೆಲಸ?

ಕೆಲವು ಕಡೆ ಕೇಂದ್ರದ ಮಾತೇ ಅಂತಿಮ. ವಲಸೆ ಹಕ್ಕಿಗಳು ಮೊದಲನೆಯದು. 1916ರಲ್ಲಿ ಕೆನಡಾದ ಪರವಾಗಿ ಬ್ರಿಟನ್ ಜೊತೆ ಒಪ್ಪಂದವಾಯಿತು, 1918ರಲ್ಲಿ ಕಾಯ್ದೆ ಬಂತು. ಮಿಸೌರಿ ರಾಜ್ಯ ಅದನ್ನು ಪ್ರಶ್ನಿಸಿ 1920ರಲ್ಲಿ ಸೋತಿತು. ಎರಡನೆಯದು, 1973ರ ಕಾಯ್ದೆಯಡಿ ಅಳಿವಿನ ಪಟ್ಟಿಗೆ ಸೇರಿದ ಜೀವಿಗಳು. ಮೂರನೆಯದು ರಾಜ್ಯದ ಗಡಿ ದಾಟುವ ಮಾಲು: ಒಂದು ರಾಜ್ಯದಲ್ಲಿ ಕದ್ದು ಹೊಡೆದ ಪ್ರಾಣಿಯನ್ನು ಇನ್ನೊಂದಕ್ಕೆ ಸಾಗಿಸಿದರೆ 1900ರ ಲೇಸಿ ಕಾಯ್ದೆಯಡಿ ಅದು ಕೇಂದ್ರ ಕಾನೂನಿನ ಪ್ರಕಾರ ಅಪರಾಧ. ಸಮುದ್ರದಲ್ಲಿ ದಡದಿಂದ 3 ನಾಟಿಕಲ್ ಮೈಲಿವರೆಗೆ ಸಾಮಾನ್ಯವಾಗಿ ರಾಜ್ಯದ ನೀರು. ಟೆಕ್ಸಸ್‌ಗೆ, ಫ್ಲಾರಿಡಾದ ಗಲ್ಫ್ ಕರಾವಳಿಗೆ ಅದು 9.

ಈ ಹಂಚಿಕೆ ಎಷ್ಟು ತೊಡಕಾಗಬಲ್ಲದು ಎಂಬುದಕ್ಕೆ ಬೂದು ತೋಳ ಸಾಕ್ಷಿ. 2011ರಲ್ಲಿ ಸಂಸತ್ತು ಉತ್ತರ ರಾಕಿ ಪರ್ವತ ಭಾಗದ ತೋಳಗಳನ್ನು ಅಳಿವಿನ ಪಟ್ಟಿಯಿಂದ ತೆಗೆದು ರಾಜ್ಯಗಳ ಕೈಗೆ ಕೊಟ್ಟಿತು. ಅತ್ತ ಕೊಲರಾಡೊ ಜನ 2020ರಲ್ಲಿ ಮತ ಹಾಕಿ ತೋಳ ಮರಳಿ ತರಲು ತೀರ್ಮಾನಿಸಿದರು, 2023ರ ಡಿಸೆಂಬರಿನಲ್ಲಿ ಒರೆಗಾನ್‌ನಿಂದ ತಂದ ತೋಳಗಳನ್ನು ಬಿಟ್ಟದ್ದೂ ಆಯಿತು. ಅದೇ ಪ್ರಾಣಿಗೆ ಒಂದು ರಾಜ್ಯದಲ್ಲಿ ಬೇಟೆಯ ಹಂಗಾಮು, ಪಕ್ಕದ ರಾಜ್ಯದಲ್ಲಿ ಪೂರ್ತಿ ರಕ್ಷಣೆ.

ರಾಜ್ಯದ ಇಲಾಖೆ ವರ್ಷವಿಡೀ ಮಾಡುವುದಾದರೂ ಏನು?

ಎಣಿಸುವುದು, ನಿಗದಿ ಮಾಡುವುದು, ಕಾಯುವುದು. ಚಳಿಗಾಲದಲ್ಲಿ ಹೆಲಿಕಾಪ್ಟರಿನಿಂದ ಎಲ್ಕ್ ಎಂಬ ದೊಡ್ಡ ಜಾತಿಯ ಜಿಂಕೆಯ ಹಿಂಡು ಎಣಿಸುತ್ತಾರೆ. ನೂರು ಹೆಣ್ಣಿಗೆ ಎಷ್ಟು ಗಂಡು, ಎಷ್ಟು ಮರಿ ಎಂದು ಲೆಕ್ಕ ಹಾಕುತ್ತಾರೆ. ಬೇಟೆಯಾದ ಜಿಂಕೆಯ ಹಲ್ಲು ನೋಡಿ ವಯಸ್ಸು ತಿಳಿಯುತ್ತಾರೆ. ಈ ಅಂಕಿಗಳ ಮೇಲೆ ಪ್ರತಿ ವಲಯಕ್ಕೆ ಎಷ್ಟು ಟ್ಯಾಗ್ (ಒಂದು ಪ್ರಾಣಿ ಹೊಡೆಯಲು ಕೊಡುವ ಚೀಟಿ), ಅದರಲ್ಲಿ ಗಂಡಿಗೆಷ್ಟು ಹೆಣ್ಣಿಗೆಷ್ಟು ಎಂದು ತೀರ್ಮಾನ. ಒಂದು ಗಂಡು ಹಲವು ಹೆಣ್ಣುಗಳ ಜೊತೆ ಕೂಡಬಲ್ಲದು, ಹಾಗಾಗಿ ಗಂಡನ್ನಷ್ಟೇ ಹೊಡೆದರೆ ಹಿಂಡು ಅಷ್ಟಾಗಿ ಕುಗ್ಗುವುದಿಲ್ಲ. ಬೆಳೆ ಹಾನಿ ಹೆಚ್ಚಿದ ಕಡೆ ಹೆಣ್ಣಿನ ಟ್ಯಾಗ್ ಹೆಚ್ಚಿಸುತ್ತಾರೆ, ಹಿಂಡು ಸೊರಗಿದ ಕಡೆ ಮೊದಲು ಅದನ್ನೇ ನಿಲ್ಲಿಸುತ್ತಾರೆ.

ಬಹುತೇಕ ರಾಜ್ಯಗಳಲ್ಲಿ ಇಲಾಖೆಯ ಮೇಲೊಂದು ಆಯೋಗ ಇರುತ್ತದೆ. ನಿಯಮ ಮಾಡುವುದು ಅದು. ಪೆನ್ಸಿಲ್ವೇನಿಯಾದಲ್ಲಿ ಕಾಡುಪ್ರಾಣಿಗೊಂದು, ಮೀನು ಮತ್ತು ದೋಣಿಗೊಂದು ಎಂದು ಎರಡು ಪ್ರತ್ಯೇಕ ಆಯೋಗಗಳಿವೆ. ಲೈಸೆನ್ಸಿಗೆ ತಪ್ಪು ಜಾಲತಾಣ ಹುಡುಕುವವರು ಅಲ್ಲಿ ಹೆಚ್ಚು.

ಇದಕ್ಕೆಲ್ಲ ದುಡ್ಡು ಎಲ್ಲಿಂದ?

ಇಡೀ ವ್ಯವಸ್ಥೆಯ ಜೀವಾಳ ಇದೇ, ಹಾಗಾಗಿ ಸ್ವಲ್ಪ ವಿವರವಾಗಿ. 1937ರ ಪಿಟ್‌ಮನ್–ರಾಬರ್ಟ್‌ಸನ್ ಕಾಯ್ದೆ ಪ್ರಕಾರ ಉದ್ದ ನಳಿಗೆಯ ಬಂದೂಕು ಮತ್ತು ಮದ್ದುಗುಂಡಿನ ಮೇಲೆ 11%, ಕೈಬಂದೂಕಿನ ಮೇಲೆ 10% ತೆರಿಗೆ ವನ್ಯಜೀವಿ ಕೆಲಸಕ್ಕೆ ಹೋಗುತ್ತದೆ. ತೆರುವವರು ತಯಾರಕರು ಮತ್ತು ಆಮದುದಾರರು, ಅಂಗಡಿಯ ಬಿಲ್ಲಿನಲ್ಲಿ ಅದು ಬೇರೆಯಾಗಿ ಕಾಣುವುದಿಲ್ಲ. ಬೇಟೆಗೆ ಸಂಬಂಧವೇ ಇಲ್ಲದೆ ಗುರಿಕೇಂದ್ರದಲ್ಲಿ ಗುಂಡು ಹಾರಿಸುವವರೂ ಇದಕ್ಕೆ ದುಡ್ಡು ಕೊಡುತ್ತಾರೆ. 1950ರ ಡಿಂಗೆಲ್–ಜಾನ್ಸನ್ ಕಾಯ್ದೆ ಗಾಳದ ಕೋಲು, ರೀಲುಗಳಿಗೆ ಇದೇ ಪದ್ಧತಿ ತಂದಿತು. 1984ರ ತಿದ್ದುಪಡಿ ಅದನ್ನು ವಿಸ್ತರಿಸಿ ಮೋಟಾರು ದೋಣಿಯ ಇಂಧನ ತೆರಿಗೆಯ ಪಾಲನ್ನೂ ಸೇರಿಸಿತು.

ಪ್ರಾಣಿಗಳ ಪಾಲಿನ ಹಣವನ್ನು ರಾಜ್ಯಗಳಿಗೆ ಹಂಚುವಾಗ ಅರ್ಧ ಭಾಗಕ್ಕೆ ರಾಜ್ಯದ ವಿಸ್ತೀರ್ಣ, ಇನ್ನರ್ಧಕ್ಕೆ ದುಡ್ಡು ಕೊಟ್ಟು ಲೈಸೆನ್ಸ್ ಪಡೆದವರ ಸಂಖ್ಯೆ ಆಧಾರ. ಯಾವ ರಾಜ್ಯಕ್ಕೂ 5%ಗಿಂತ ಹೆಚ್ಚಿಲ್ಲ, 0.5%ಗಿಂತ ಕಡಿಮೆಯಿಲ್ಲ. ಯೋಜನೆಯ ವೆಚ್ಚದಲ್ಲಿ ಸಾಮಾನ್ಯವಾಗಿ 75% ಕೇಂದ್ರದ್ದು, 25% ರಾಜ್ಯದ್ದು.

ಒಂದು ಷರತ್ತು ಎಲ್ಲಕ್ಕಿಂತ ಮುಖ್ಯ. ಲೈಸೆನ್ಸ್ ಶುಲ್ಕದ ಹಣವನ್ನು ರಾಜ್ಯ ವನ್ಯಜೀವಿ ಇಲಾಖೆಯ ಕೆಲಸ ಬಿಟ್ಟು ಬೇರೆಡೆಗೆ ತಿರುಗಿಸಿದರೆ ಕೇಂದ್ರದ ಹಣಕ್ಕೆ ಕುತ್ತು. ಬಜೆಟ್ ಕೊರತೆ ಬಿದ್ದಾಗಲೆಲ್ಲ ಶಾಸಕರ ಕಣ್ಣು ಈ ಹಣದ ಮೇಲೆ ಬೀಳುತ್ತದೆ, ಈ ಷರತ್ತೇ ಅವರನ್ನು ತಡೆಯುತ್ತದೆ. ಬಿಳಿಬಾಲದ ಜಿಂಕೆ 1900ರ ಹೊತ್ತಿಗೆ ಸುಮಾರು 5 ಲಕ್ಷಕ್ಕೆ ಇಳಿದಿತ್ತು, ಈಗ ಸುಮಾರು 3 ಕೋಟಿ. ಪಾಳುಬಿದ್ದ ಹೊಲಗಳು ಮತ್ತೆ ಕಾಡಾದದ್ದು, ತೋಳಗಳು ಇಲ್ಲವಾದದ್ದೂ ಇದಕ್ಕೆ ಕಾರಣ. ಆದರೆ ಮಾಂಸದ ಮಾರಾಟ ನಿಲ್ಲದೆ, ಕಾಯಲು ಸಂಬಳದ ಜನ ಇಲ್ಲದೆ ಇದು ಆಗುತ್ತಿರಲಿಲ್ಲ.

ಕೊರತೆಯೂ ಇಲ್ಲೇ ಇದೆ. ಯಾರೂ ಬೇಟೆಯಾಡದ ಕಪ್ಪೆ, ಚಿಟ್ಟೆ, ಹಾಡುಹಕ್ಕಿಗಳಿಗೆ ಈ ಹರಿವಿನಿಂದ ಸಿಗುವುದು ಕಡಿಮೆ. ಮಿಸೌರಿ ಜನ 1976ರಲ್ಲಿ ಶೇಕಡಾ ಒಂದರ ಎಂಟನೇ ಒಂದು ಭಾಗದಷ್ಟು ಮಾರಾಟ ತೆರಿಗೆಯನ್ನು ಇದಕ್ಕೆಂದೇ ತಾವೇ ಹಾಕಿಕೊಂಡರು. ಉಳಿದ ರಾಜ್ಯಗಳೂ ಆ ದಾರಿ ಹಿಡಿಯಬೇಕು.

ಬೇಟೆಯಾಡುವುದು ಅಲ್ಲಿ ಸಂವಿಧಾನದ ಹಕ್ಕೇ?

ಕೇಂದ್ರ ಸಂವಿಧಾನದಲ್ಲಿ ಇಲ್ಲ. ರಾಜ್ಯ ಸಂವಿಧಾನಗಳಲ್ಲಿ 24 ಕಡೆ ಬೇಟೆ ಮತ್ತು ಮೀನುಗಾರಿಕೆ ಎರಡೂ ಇವೆ. ಮೊದಲನೆಯದು 1777ರ ವರ್ಮಾಂಟ್. ಅದಾಗಿ ಇನ್ನೂರು ವರ್ಷಕ್ಕೂ ಹೆಚ್ಚು ಕಾಲ ಸದ್ದಿಲ್ಲ. 1996ರಲ್ಲಿ ಅಲಬಾಮಾದಿಂದ ಮತ್ತೆ ಶುರುವಾಗಿ 2024ರ ನವೆಂಬರಿನಲ್ಲಿ ಫ್ಲಾರಿಡಾವರೆಗೆ ಬಂದಿದೆ. ಅರಿಜೋನಾ ಮತದಾರರು 2010ರಲ್ಲಿ ಬೇಡವೆಂದರು. ಕ್ಯಾಲಿಫೋರ್ನಿಯಾ ಸಂವಿಧಾನದಲ್ಲಿ 1910ರಿಂದ ಇರುವುದು ಮೀನಿನ ಹಕ್ಕು ಮಾತ್ರ.

ಹಕ್ಕು ಬರೆದಿದೆ ಎಂದು ಲೈಸೆನ್ಸ್ ಬೇಡವಾಗುವುದಿಲ್ಲ. ಹಂಗಾಮು, ಮಿತಿ, ಆಯುಧದ ನಿಯಮ ಎಲ್ಲವೂ ಹಾಗೇ ಉಳಿಯುತ್ತವೆ, ತಿದ್ದುಪಡಿಗಳ ಪಠ್ಯದಲ್ಲೇ ಸಾಮಾನ್ಯವಾಗಿ ಅದು ಇರುತ್ತದೆ. ಒಂದು ಬಗೆಯ ಬೇಟೆಯನ್ನು ಪೂರ್ತಿ ನಿಷೇಧಿಸಲು ಯಾರಾದರೂ ಹೊರಟಾಗ ತಡೆ ಒಡ್ಡುವುದಷ್ಟೇ ಇದರ ಮುಖ್ಯ ಉಪಯೋಗ. ಹೊಳೆಯಲ್ಲಿ ಮೀನೇ ಇಲ್ಲದಿದ್ದರೆ ಮೀನು ಹಿಡಿಯುವ ಹಕ್ಕಿನಿಂದ ಏನೂ ಸಿಗದು. ಹೀಗಾಗಿ ಸಂವಿಧಾನದ ಸಾಲಿಗಿಂತ ಜೌಗು ನೆಲ, ಹೊಳೆದಂಡೆ ಉಳಿಸುವ ಕೆಲಸವೇ ಹಕ್ಕನ್ನು ಹೆಚ್ಚು ಕಾಯುತ್ತದೆ.

ಮೂಲನಿವಾಸಿ ಬುಡಕಟ್ಟುಗಳಿಗೆ ಬೇರೆ ನಿಯಮ ಏಕೆ? ಇದು ರಿಯಾಯಿತಿಯೇ?

ಅಲ್ಲ. ಅದು ಅವರು ನೆಲ ಬಿಟ್ಟುಕೊಡುವಾಗ ತಮಗೆಂದು ಉಳಿಸಿಕೊಂಡ ಹಕ್ಕು. 1854ರ ಮೆಡಿಸಿನ್ ಕ್ರೀಕ್ ಒಪ್ಪಂದ ಮತ್ತು ಅದರ ಬೆನ್ನಿಗೆ ಬಂದ ಒಪ್ಪಂದಗಳಲ್ಲಿ ಈಗಿನ ವಾಷಿಂಗ್ಟನ್ ರಾಜ್ಯದ ಬುಡಕಟ್ಟುಗಳು ಅಪಾರ ಭೂಮಿ ಬಿಟ್ಟುಕೊಟ್ಟವು, ತಾವು ಹಿಂದಿನಿಂದ ಮೀನು ಹಿಡಿಯುತ್ತಿದ್ದ ಜಾಗಗಳಲ್ಲಿ ಹಿಡಿಯುವ ಹಕ್ಕನ್ನು ಬಿಡಲಿಲ್ಲ. ನೂರು ವರ್ಷ ಕಳೆದ ಮೇಲೆ ರಾಜ್ಯದ ಅಧಿಕಾರಿಗಳು ಅವರ ಬಲೆ ಕಿತ್ತುಕೊಂಡು ಬಂಧಿಸತೊಡಗಿದರು. ನಿಸ್ಕ್ವಾಲಿ ಬುಡಕಟ್ಟಿನ ಬಿಲ್ಲಿ ಫ್ರಾಂಕ್ ಜೂನಿಯರ್ 50ಕ್ಕೂ ಹೆಚ್ಚು ಸಲ ಬಂಧನಕ್ಕೊಳಗಾದರು. 1974ರಲ್ಲಿ ನ್ಯಾಯಾಧೀಶ ಜಾರ್ಜ್ ಬೋಲ್ಟ್, ಹಿಡಿಯಬಹುದಾದ ಸಾಲ್ಮನ್ ಮೀನಿನಲ್ಲಿ ಅರ್ಧ ಪಾಲು ಒಪ್ಪಂದದ ಬುಡಕಟ್ಟುಗಳದು ಎಂದು ತೀರ್ಪಿತ್ತರು. 1979ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ಬಹುಮಟ್ಟಿಗೆ ಎತ್ತಿಹಿಡಿಯಿತು. ಇಂದು ರಾಜ್ಯ ಮತ್ತು ಬುಡಕಟ್ಟುಗಳು ಜೊತೆ ಕೂತು ಹಂಗಾಮು ನಿಗದಿ ಮಾಡುತ್ತವೆ.

ರಾಜ್ಯದ ಹೊಣೆ ಎಲ್ಲಿವರೆಗೆ ಹೋಗುತ್ತದೆ ಎಂಬುದು ಮೋರಿಗಳ ಪ್ರಕರಣದಲ್ಲಿ ಕಂಡಿತು. ರಸ್ತೆಯಡಿ ತೊರೆ ಹರಿಯಲು ಹಾಕಿದ ಮೋರಿ ಕೊಳವೆ ಕಿರಿದಾಗಿದ್ದರೆ ಒಳಗೆ ನೀರಿನ ಸೆಳೆತ ಜೋರಾಗುತ್ತದೆ, ಎದುರೀಜುವ ಸಾಲ್ಮನ್ ಸೋಲುತ್ತದೆ. ಆ ರಭಸವೇ ಕೆಳತುದಿಯ ಮಣ್ಣು ಕೊರೆಯುತ್ತದೆ, ಕೆಲವು ವರ್ಷಗಳಲ್ಲಿ ಕೊಳವೆಯ ಬಾಯಿ ತೊರೆಗಿಂತ ಎತ್ತರದಲ್ಲಿ ತೂಗಾಡುತ್ತದೆ, ಮೀನು ಅಷ್ಟೆತ್ತರ ಹಾರಲಾರದು. ಮೇಲೆ ಮೈಲಿಗಟ್ಟಲೆ ಮೊಟ್ಟೆಯಿಡುವ ನೆಲವಿದ್ದರೂ ವ್ಯರ್ಥ. ತೊರೆಯ ಪಾತ್ರಕ್ಕಿಂತ ಅಗಲವಾದ ಕಟ್ಟಡ ಕಟ್ಟಿ ತಳದಲ್ಲಿ ಸಹಜವಾದ ಜಲ್ಲಿಗಲ್ಲು ಉಳಿಸುವುದೇ ಪರಿಹಾರ. ಇಂಥ ಮೋರಿಗಳನ್ನು ರಾಜ್ಯ ಸರಿಪಡಿಸಬೇಕೆಂಬ ಆದೇಶ 2018ರಲ್ಲಿ ಸುಪ್ರೀಂ ಕೋರ್ಟಿನಲ್ಲಿ 4–4 ಸಮ ಮತದಿಂದ ಉಳಿಯಿತು.

ಬುಡಕಟ್ಟಿನ ಸದಸ್ಯ ಗೆಳೆಯನ ಜೊತೆ ಹೋದ ಮಾತ್ರಕ್ಕೆ ಆ ಹಕ್ಕು ನಿಮಗೆ ಬರುವುದಿಲ್ಲ.

ನಾನು ಎಚ್‌-1ಬಿ ವೀಸಾದಲ್ಲಿದ್ದೇನೆ. ಬೇಟೆಗೆ ಹೋಗಬಹುದೇ?

ಇಲ್ಲಿ ಎಡವಿದರೆ ಪರಿಣಾಮ ಭೀಕರ, ನಿಧಾನವಾಗಿ ಓದಿ. ಎಚ್‌-1ಬಿ, ಎಚ್‌-4, ಎಲ್‌-1, ಎಫ್‌-1 ಮುಂತಾದ ವಲಸೆಯೇತರ ವೀಸಾದವರು ಬಂದೂಕು ಅಥವಾ ಮದ್ದುಗುಂಡು ಹೊಂದುವುದನ್ನು ಕೇಂದ್ರ ಕಾನೂನು ನಿಷೇಧಿಸುತ್ತದೆ. ಗೆಳೆಯನ ಬಂದೂಕನ್ನು ಕೈಯಲ್ಲಿ ಹಿಡಿದರೂ, ಗುರಿಕೇಂದ್ರದಲ್ಲಿ ಗಂಟೆಗೆ ಬಾಡಿಗೆಗೆ ಪಡೆದರೂ ಅದು ಹೊಂದಿದಂತೆಯೇ. 2022ರ ತಿದ್ದುಪಡಿಯ ನಂತರ ಗರಿಷ್ಠ ಶಿಕ್ಷೆ 15 ವರ್ಷ ಜೈಲು. ವೀಸಾ, ಗ್ರೀನ್ ಕಾರ್ಡ್ ಅರ್ಜಿಯ ಗತಿ ಹೇಳಬೇಕಾಗಿಲ್ಲ.

ಇದಕ್ಕೆ ಕೆಲವು ವಿನಾಯಿತಿಗಳಿವೆ. ಸಾಮಾನ್ಯ ಜನರಿಗೆ ಉಪಯೋಗಕ್ಕೆ ಬರುವುದು ಒಂದೇ: ಯಾವುದಾದರೂ ಅಮೆರಿಕನ್ ರಾಜ್ಯ ಕ್ರಮಬದ್ಧವಾಗಿ ಕೊಟ್ಟ, ಅವಧಿ ಮುಗಿಯದ ಬೇಟೆ ಲೈಸೆನ್ಸ್ ಇದ್ದರೆ ಕೇಂದ್ರದ ಆ ನಿಷೇಧ ಅನ್ವಯಿಸುವುದಿಲ್ಲ. ಮೀನಿನ ಲೈಸೆನ್ಸ್ ಸಾಲದು. ಅಂಗಡಿಯಲ್ಲಿ ಬಂದೂಕು ಕೊಳ್ಳುವಾಗ ಫಾರ್ಮ್ 4473ರ ಜೊತೆ ಅದರ ಪ್ರತಿ ಕೊಡಬೇಕು. ಎಡವಟ್ಟಾಗುವುದು ನಂತರ. ಬಂದೂಕು ಮನೆಯ ಕಪಾಟಿನಲ್ಲೇ ಇರುತ್ತದೆ, ಲೈಸೆನ್ಸಿನ ಅವಧಿ ಮುಗಿದಿರುತ್ತದೆ, ಆ ದಿನದಿಂದಲೇ ಅದು ಅಪರಾಧ. ಟೆಕ್ಸಸ್ ಲೈಸೆನ್ಸ್ ಸಾಮಾನ್ಯವಾಗಿ ಆಗಸ್ಟ್ 31ಕ್ಕೆ ಮುಗಿಯುತ್ತದೆ, ನೀವು ಕೊಂಡ ದಿನದಿಂದ ಒಂದು ವರ್ಷಕ್ಕಲ್ಲ. ವೀಸಾ ಅವಧಿ ಮೀರಿ ಉಳಿದವರಿಗೆ ಈ ವಿನಾಯಿತಿ ಇಲ್ಲವೇ ಇಲ್ಲ. ರಾಜ್ಯದ ಬಂದೂಕು ಕಾನೂನು ಬೇರೆ ಇದೆ, ಅದನ್ನೂ ನೋಡಬೇಕು. ಬಂದೂಕು ಮುಟ್ಟುವ ಮೊದಲು ವಲಸೆ ವಕೀಲರಿಗೆ ಕೊಡುವ ಶುಲ್ಕ ದಂಡವಲ್ಲ.

ಗ್ರೀನ್ ಕಾರ್ಡ್ ಇದ್ದವರಿಗೆ ಈ ನಿಷೇಧ ಇಲ್ಲ. ಬಿಲ್ಲುಬಾಣದ ಬೇಟೆಗೂ ಇದು ತಟ್ಟುವುದಿಲ್ಲ, ಬೇಟೆ ಲೈಸೆನ್ಸ್ ಅದಕ್ಕೂ ಬೇಕು.

ಬರೀ ಗಾಳ ಹಾಕಿ ಮೀನು ಹಿಡಿಯಬೇಕು. ಏನೇನು ಬೇಕು?

ವೀಸಾ ಯಾವುದಿದ್ದರೂ ತೊಂದರೆಯಿಲ್ಲ. ಲೈಸೆನ್ಸ್ ಬೇಕಾಗುವ ವಯಸ್ಸು ವಾಷಿಂಗ್ಟನ್‌ನಲ್ಲಿ 15, ಕ್ಯಾಲಿಫೋರ್ನಿಯಾ ಮತ್ತು ನ್ಯೂಯಾರ್ಕ್‌ನಲ್ಲಿ 16, ಟೆಕ್ಸಸ್ ಮತ್ತು ಮಿಶಿಗನ್‌ನಲ್ಲಿ 17. ರಾಜ್ಯ ಇಲಾಖೆಯ ಜಾಲತಾಣದಲ್ಲಿ ಅಥವಾ ದೊಡ್ಡ ಕ್ರೀಡಾಸಾಮಗ್ರಿ ಅಂಗಡಿಯಲ್ಲಿ ಹತ್ತು ನಿಮಿಷದ ಕೆಲಸ. ಗುರುತಿನ ಚೀಟಿ, ವಿಳಾಸ ಕೇಳುತ್ತಾರೆ, ಸೋಷಿಯಲ್ ಸೆಕ್ಯುರಿಟಿ ಸಂಖ್ಯೆ ಇದ್ದರೆ ಅದನ್ನೂ ಕೇಳುವುದುಂಟು. ಲೈಸೆನ್ಸ್ ಒಬ್ಬರ ಹೆಸರಿನದು, ಗಂಡನ ಲೈಸೆನ್ಸಿನಲ್ಲಿ ಹೆಂಡತಿ ಗಾಳ ಹಿಡಿಯುವಂತಿಲ್ಲ.

ಊರಿನಿಂದ ಅಪ್ಪ ಅಮ್ಮ ಬಂದಿದ್ದಾರೆ, ಒಂದು ದಿನಕ್ಕಷ್ಟೇ ಎಂದಾದರೆ ದುಡ್ಡಿಲ್ಲದ ದಾರಿಗಳೂ ಇವೆ. ಕ್ಯಾಲಿಫೋರ್ನಿಯಾದ ಸಮುದ್ರದ ಸಾರ್ವಜನಿಕ ಪಿಯರ್‌ಗಳಲ್ಲಿ ಲೈಸೆನ್ಸ್ ಬೇಡ. ಟೆಕ್ಸಸ್ ಸ್ಟೇಟ್ ಪಾರ್ಕ್‌ಗಳೊಳಗೆ ದಡದಿಂದ ಗಾಳ ಹಾಕಲು ಬೇಡ, ಜೂನ್ ಮೊದಲ ಶನಿವಾರ ಇಡೀ ರಾಜ್ಯದಲ್ಲೇ ಬೇಡ. ಮಿತಿ, ಅಳತೆಯ ನಿಯಮ ಮಾತ್ರ ಆ ದಿನವೂ ಇರುತ್ತದೆ.

ಹೊರರಾಜ್ಯದವರಿಗೆ ಶುಲ್ಕ ಅಷ್ಟೊಂದು ಹೆಚ್ಚೇಕೆ? ನಾನು ‘ನಿವಾಸಿ’ ಆಗುವುದು ಯಾವಾಗ?

ಆ ರಾಜ್ಯದಲ್ಲಿ ಮನೆ ಮಾಡಿ ಕ್ಯಾಲಿಫೋರ್ನಿಯಾ, ಟೆಕ್ಸಸ್, ಕೊಲರಾಡೊಗಳಲ್ಲಿ ಆರು ತಿಂಗಳು, ವಾಷಿಂಗ್ಟನ್‌ನಲ್ಲಿ 90 ದಿನ. ಮೊದಲೇ ನಿವಾಸಿ ದರದಲ್ಲಿ ಕೊಂಡರೆ ಆ ಲೈಸೆನ್ಸೇ ಅಸಿಂಧು. ದರ ವ್ಯತ್ಯಾಸವನ್ನು ಮೊಂಟಾನಾ ಪ್ರಕರಣದಲ್ಲಿ ಪ್ರಶ್ನಿಸಿದ್ದರು: ಎಲ್ಕ್ ಒಂದಕ್ಕೇ ಸ್ಥಳೀಯರಿಗೆ 9 ಡಾಲರ್, ಹೊರಗಿನವರು ಕೊಳ್ಳಲೇಬೇಕಾದ ಲೈಸೆನ್ಸಿಗೆ 225. ಹವ್ಯಾಸದ ಬೇಟೆ ಮೂಲಭೂತ ಹಕ್ಕಲ್ಲ, ಪ್ರಾಣಿಗಳನ್ನು ಸಾಕಿ ಸಲಹುವ ವೆಚ್ಚ ಸ್ಥಳೀಯರು ಹೊರುತ್ತಾರೆ ಎಂದು 1978ರಲ್ಲಿ ಸುಪ್ರೀಂ ಕೋರ್ಟ್ ರಾಜ್ಯದ ಪರ ನಿಂತಿತು.

ಜನ ದಂಡ ಕಟ್ಟುವುದು ಹೆಚ್ಚಾಗಿ ಯಾವ ತಪ್ಪಿಗೆ?

ಅಳತೆ ಮತ್ತು ಎಣಿಕೆ. ಮೀನನ್ನು ಸಪಾಟಾಗಿ ಮಲಗಿಸಿ, ಬಾಯಿ ಮುಚ್ಚಿ, ಮೂತಿಯ ತುದಿಯಿಂದ ಬಾಲದ ತುದಿಗೆ ನೇರವಾಗಿ ಅಳೆಯಬೇಕು. ಹೊಟ್ಟೆಯ ಉಬ್ಬಿನ ಮೇಲೆ ಟೇಪು ಬಳಸಿ ಅಳೆದರೆ ಉದ್ದ ಹೆಚ್ಚು ಬರುತ್ತದೆ. ಬಾಲ ಒತ್ತಿ ಅಳೆಯಬೇಕೋ, ಕವಲಿನವರೆಗೆ ಅಳೆಯಬೇಕೋ ಎಂಬುದು ರಾಜ್ಯ ಮತ್ತು ಜಾತಿಗೆ ತಕ್ಕಂತೆ ಬದಲಾಗುತ್ತದೆ. ಟೆಕ್ಸಸ್‌ನ ರೆಡ್ ಡ್ರಮ್ ಮೀನಿಗೆ ಕೆಳಮಿತಿ 20 ಇಂಚು, ಮೇಲ್ಮಿತಿ 28: ಸಣ್ಣದು ಬೆಳೆಯಲಿ, ದೊಡ್ಡದು ಮೊಟ್ಟೆಯಿಡಲಿ ಎಂಬ ಲೆಕ್ಕಾಚಾರ. ಇಂಥ ಅಂಕಿಗಳು ವರ್ಷ ವರ್ಷ ಬದಲಾಗಬಹುದು, ಹೋಗುವ ದಿನವೇ ಇಲಾಖೆಯ ಪುಸ್ತಿಕೆ ನೋಡಿ. ಮೀನನ್ನು ದಡದಲ್ಲೇ ತುಂಡು ಮಾಡಬೇಡಿ, ತಪಾಸಣೆಗೆ ಬರುವ ವಾರ್ಡನ್‌ಗೆ (ಇಲಾಖೆಯ ಅಧಿಕಾರಿಗೆ) ಅಳೆಯಲು ಇಡೀ ಮೀನು ಬೇಕು.

ಕರಾವಳಿಯ ಕನ್ನಡಿಗರಿಗೆ ಸಿಯಾಟಲ್ ಕಡೆ ಬಹಳ ಇಷ್ಟವಾಗುವ ಕೆಲಸ ಚಿಪ್ಪು ತೆಗೆಯುವುದು. ವಾಷಿಂಗ್ಟನ್ ತೀರದಲ್ಲಿ ರೇಜರ್ ಕ್ಲಾಮ್ ಎಂಬ ಉದ್ದ ಚಿಪ್ಪಿನ ಜೀವಿಗೆ ದಿನಕ್ಕೆ ತಲಾ 15ರ ಮಿತಿ. ಮೊದಲು ಅಗೆದ 15ನ್ನೂ ಇಟ್ಟುಕೊಳ್ಳಲೇಬೇಕು, ಸಣ್ಣದು, ಚಿಪ್ಪು ಒಡೆದದ್ದು ಎಂದು ಎಸೆದು ದೊಡ್ಡದು ಹುಡುಕುವಂತಿಲ್ಲ, ಏಕೆಂದರೆ ಅಗೆದು ಬಿಟ್ಟದ್ದು ಬಹುಪಾಲು ಸಾಯುತ್ತದೆ. ಪ್ರತಿಯೊಬ್ಬರಿಗೂ ಬೇರೆ ಬೇರೆ ಚೀಲ ಇರಬೇಕು. ನಾಲ್ಕು ಜನರದ್ದನ್ನು ಒಂದೇ ಬಕೆಟ್ಟಿಗೆ ಸುರಿದು ದಂಡ ಕಟ್ಟುವ ಕುಟುಂಬಗಳು ಸಾಕಷ್ಟು. ಡೊಮೊಯಿಕ್ ಆಮ್ಲದ ಪರೀಕ್ಷೆಯಾದ ಮೇಲೆಯೇ ತೀರ ತೆರೆಯುತ್ತಾರೆ. ಆ ವಿಷ ಬೇಯಿಸಿದರೆ ಹೋಗುವುದಿಲ್ಲ, ಮುಚ್ಚಿದ ತೀರದಲ್ಲಿ ಅಗೆಯುವುದು ಕಾನೂನಿಗಿಂತ ಮೊದಲು ಜೀವದ ಪ್ರಶ್ನೆ.

ಒಂದು ಕೆರೆಯ ಎರೆಮೀನು, ದೋಣಿಯ ತಳದ ನೀರು ಇನ್ನೊಂದು ಕೆರೆಗೆ ಒಯ್ಯುವುದೂ ದೊಡ್ಡ ತಪ್ಪು. ಜೀಬ್ರಾ ಮಸಲ್ ಎಂಬ ಹಾವಳಿಯ ಚಿಪ್ಪುಜೀವಿ ಹರಡಿದ್ದು ಹೀಗೆಯೇ.

ಬೇಟೆಗೆ ಹೊಸಬ. ಎಲ್ಲಿಂದ ಶುರು ಮಾಡಬೇಕು?

ಹಂಟರ್ ಎಜುಕೇಶನ್ ತರಗತಿಯಿಂದ. ಕೊಲರಾಡೊದಲ್ಲಿ 1949ರ ಜನವರಿ 1ರಂದು ಅಥವಾ ನಂತರ ಹುಟ್ಟಿದವರಿಗೆ, ಟೆಕ್ಸಸ್‌ನಲ್ಲಿ 1971ರ ಸೆಪ್ಟೆಂಬರ್ 2ರಂದು ಅಥವಾ ನಂತರ ಹುಟ್ಟಿದವರಿಗೆ ಕಡ್ಡಾಯ. ಒಂದು ರಾಜ್ಯದ ಪ್ರಮಾಣಪತ್ರವನ್ನು ಉಳಿದವು ಸಾಮಾನ್ಯವಾಗಿ ಒಪ್ಪುತ್ತವೆ. ತರಗತಿಯಲ್ಲಿ ಬಂದೂಕು ಕೈಗೆ ಕೊಡುವ ಭಾಗ ಇದ್ದರೆ, ವಲಸೆಯೇತರ ವೀಸಾದವರು ಮೇಲಿನ ಉತ್ತರ ನೆನಪಿಟ್ಟು ಮೊದಲೇ ಬೋಧಕರಿಗೆ ತಿಳಿಸಬೇಕು.

ಲೈಸೆನ್ಸ್ ಎಂದರೆ ಅನುಮತಿ, ಟ್ಯಾಗ್ ಎಂದರೆ ಒಂದು ಪ್ರಾಣಿ. ಬೇಡಿಕೆ ಹೆಚ್ಚಿರುವ ವಲಯಗಳಲ್ಲಿ ಟ್ಯಾಗ್‌ಗೆ ಲಾಟರಿ. ಕೊಲರಾಡೊದಲ್ಲಿ ಶರತ್ಕಾಲದ ಬೇಟೆಗೆ ಏಪ್ರಿಲ್ ಆರಂಭದಲ್ಲೇ ಅರ್ಜಿ ಮುಗಿಯುತ್ತದೆ, ಸಿಗದಿದ್ದರೆ ಒಂದು ಅಂಕ ಸೇರಿ ಮುಂದಿನ ವರ್ಷಗಳ ಸರದಿಯಲ್ಲಿ ಮೇಲೇರುತ್ತೀರಿ. ಬಂದೂಕಿನಿಂದ ದೊಡ್ಡ ಪ್ರಾಣಿಯ ಬೇಟೆಗೆ ಅಲ್ಲಿ ಸೊಂಟದ ಮೇಲೆ 500 ಚದರ ಇಂಚು ಹೊಳೆಯುವ ಕಿತ್ತಳೆ ಅಥವಾ ಗುಲಾಬಿ ಬಟ್ಟೆ, ತಲೆಗೆ ಅದೇ ಬಣ್ಣದ ಟೋಪಿ ಕಡ್ಡಾಯ. ಬಾತುಕೋಳಿಗೆ 16 ವರ್ಷ ತುಂಬಿದವರಿಗೆ 25 ಡಾಲರಿನ ಕೇಂದ್ರದ ಡಕ್ ಸ್ಟಾಂಪ್ ಬೇಕು. 1934ರಿಂದ ನಡೆದು ಬಂದ ಈ ಸ್ಟಾಂಪಿನ ಪ್ರತಿ ಡಾಲರಿನಲ್ಲಿ 98 ಸೆಂಟ್ ಜೌಗು ನೆಲ ಉಳಿಸಲು ಹೋಗುತ್ತದೆ. ಬಾತಿಗೆ ಸೀಸದ ಚರೆ 1991ರಿಂದ ದೇಶದಾದ್ಯಂತ ನಿಷಿದ್ಧ.

ಜಿಂಕೆ, ಎಲ್ಕ್‌ಗಳಲ್ಲಿ ಕ್ರಾನಿಕ್ ವೇಸ್ಟಿಂಗ್ ಎಂಬ ಪ್ರಿಯಾನ್ (ರೂಪ ಕೆಟ್ಟ ಪ್ರೋಟೀನ್) ರೋಗವಿದೆ. 1967ರಲ್ಲಿ ಕೊಲರಾಡೊದ ಸಂಶೋಧನಾ ಕೇಂದ್ರವೊಂದರಲ್ಲಿ ಮೊದಲು ಕಂಡದ್ದು. ಪ್ರಿಯಾನ್ ಬೇಯಿಸಿದರೂ ನಾಶವಾಗದು, ಮಣ್ಣಿನಲ್ಲಿ ವರ್ಷಗಟ್ಟಲೆ ಉಳಿಯುತ್ತದೆ. ಹಾಗಾಗಿ ಮೂಳೆ ಬಿಡಿಸಿದ ಮಾಂಸ ಬಿಟ್ಟು ಮಿದುಳು, ಬೆನ್ನುಹುರಿ ಇರುವ ಭಾಗಗಳನ್ನು ರಾಜ್ಯದಾಚೆ ಒಯ್ಯಲು ಹಲವು ರಾಜ್ಯಗಳು ಬಿಡುವುದಿಲ್ಲ. ಪರೀಕ್ಷೆಯಲ್ಲಿ ರೋಗ ಕಂಡರೆ ತಿನ್ನಬೇಡಿ.

ಖಾಸಗಿ ಜಮೀನಿಗೆ ನುಗ್ಗಬಹುದೇ?

ಪ್ರಾಣಿ ಜನರದು, ನೆಲ ಒಡೆಯನದು. ಅನುಮತಿ ಬೇಕು. ಬೇಲಿ, ಫಲಕ ಕಾಣದಿದ್ದರೂ ಮರಗಳನ್ನು ನೋಡಿ. ಟೆಕ್ಸಸ್‌ನಲ್ಲಿ ನೆಲದಿಂದ 3ರಿಂದ 5 ಅಡಿ ಎತ್ತರದಲ್ಲಿ ಕನಿಷ್ಠ 8 ಇಂಚು ಉದ್ದ, 1 ಇಂಚು ಅಗಲದ ನೇರಳೆ ಬಣ್ಣದ ಗೀಟು ಇದ್ದರೆ ಅದು ‘ಪ್ರವೇಶವಿಲ್ಲ’ ಫಲಕಕ್ಕೆ ಸಮ.

ಹೊಡೆದ ಜಿಂಕೆಯ ಮಾಂಸ ಮಾರಬಹುದೇ?

ಇಲ್ಲ. ಹಂಚಬಹುದು, ಅನ್ನದಾನದ ಸಂಸ್ಥೆಗಳಿಗೆ ಕೊಡಬಹುದು. ಹೋಟೆಲಿನಲ್ಲಿ ಸಿಗುವುದು ಸಾಕಣೆಯ ಜಿಂಕೆ. ಮಾರುಕಟ್ಟೆಗೆಂದು ಹೊಡೆದು ಹೊಡೆದೇ ಪ್ಯಾಸೆಂಜರ್ ಪಾರಿವಾಳ ಅಳಿದದ್ದು, ಕೊನೆಯದು 1914ರಲ್ಲಿ ಸಿನ್ಸಿನಾಟಿ ಮೃಗಾಲಯದಲ್ಲಿ ಸತ್ತಿತು.

ಹಿತ್ತಲಲ್ಲಿ ಜಿಂಕೆಮರಿ ಒಂಟಿಯಾಗಿ ಮಲಗಿದೆ. ಒಳಗೆ ತರಲೇ?

ಬೇಡ. ತಾಯಿ ಮೇಯಲು ಹೋಗಿರುತ್ತದೆ, ಮರಿಗೆ ವಾಸನೆ ಕಡಿಮೆ ಇರುವುದರಿಂದ ದೂರವಿದ್ದೇ ಅದನ್ನು ಕಾಪಾಡುತ್ತದೆ. ಪರವಾನಗಿ ಇಲ್ಲದೆ ಮನೆಯಲ್ಲಿಟ್ಟುಕೊಳ್ಳುವುದು ಅಪರಾಧ ಕೂಡ. ಜಿಂಕೆಗೆ ಕಾಳು ಹಾಕುವುದಕ್ಕೂ ಎಷ್ಟೋ ಕಡೆ ನಿಷೇಧವಿದೆ. ಒಂದೇ ತಟ್ಟೆಗೆ ಬಾಯಿ ಹಾಕಿ ರೋಗ ಹರಡುತ್ತದೆ. ಕಾರಿಗೆ ಜಿಂಕೆ ಬಡಿದರೆ ಗಾಡಿ ಪಕ್ಕಕ್ಕೆ ನಿಲ್ಲಿಸಿ ದೀಪ ಹಾಕಿ, ಪೊಲೀಸರಿಗೆ ಕರೆ ಮಾಡಿ, ಗಾಯಗೊಂಡ ಪ್ರಾಣಿಯ ಹತ್ತಿರ ಹೋಗಬೇಡಿ. ವಿಮೆಯಲ್ಲಿ ಇದು ಸಾಮಾನ್ಯವಾಗಿ ಕಾಂಪ್ರಹೆನ್ಸಿವ್ ಭಾಗಕ್ಕೆ ಸೇರುತ್ತದೆ, ಅದು ಇಲ್ಲದ ಪಾಲಿಸಿಯಲ್ಲಿ ಗಾಡಿಯ ಖರ್ಚು ನಿಮ್ಮದೇ.

ನಮ್ಮ ಕರ್ನಾಟಕದಲ್ಲಿ ಹೀಗೇಕಿಲ್ಲ?

ಭಾರತ ಬೇರೆ ದಾರಿ ಹಿಡಿಯಿತು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ 39ನೇ ಸೆಕ್ಷನ್ ಬೇಟೆಯಾದ ಅಥವಾ ಸತ್ತು ಸಿಕ್ಕ ಕಾಡುಪ್ರಾಣಿಯನ್ನು ಸರ್ಕಾರದ ಸ್ವತ್ತು ಎನ್ನುತ್ತದೆ. ಆರಂಭದಲ್ಲಿ ಬೇಟೆ ಲೈಸೆನ್ಸಿಗೆ ಅವಕಾಶವಿತ್ತು, 1991ರ ತಿದ್ದುಪಡಿ ಅದನ್ನು ಮುಚ್ಚಿತು. 1976ರಲ್ಲಿ ವನ್ಯಜೀವಿ ವಿಷಯ ರಾಜ್ಯಪಟ್ಟಿಯಿಂದ ಸಮವರ್ತಿ ಪಟ್ಟಿಗೆ ಹೋಯಿತು, ಮೀನುಗಾರಿಕೆ ರಾಜ್ಯಪಟ್ಟಿಯಲ್ಲೇ ಉಳಿದಿದೆ. 2006ರ ಅರಣ್ಯ ಹಕ್ಕು ಕಾಯ್ದೆ ಕಾಡಿನ ಸಮುದಾಯಗಳಿಗೆ ಮೀನಿನ ಹಕ್ಕು ಕೊಡುತ್ತದೆ, ಬೇಟೆಯನ್ನು ಸ್ಪಷ್ಟವಾಗಿ ಹೊರಗಿಡುತ್ತದೆ. ಕೊಡವರಿಗೆ ಇರುವ ವಿನಾಯಿತಿ ಬಂದೂಕಿನ ಲೈಸೆನ್ಸಿಗೆ ಸಂಬಂಧಿಸಿದ್ದು, ಬೇಟೆಗಲ್ಲ. ನಮ್ಮಲ್ಲಿ ಕಾಡು ಇರುವುದು ಕಡಿಮೆ, ಅದರ ಸುತ್ತ ಜನ ಹೆಚ್ಚು. ಅಮೆರಿಕದ ಪದ್ಧತಿಯನ್ನು ಹಾಗೇ ಎತ್ತಿ ತರುವುದು ನಮಗೆ ಒಪ್ಪಿಗೆಯಿಲ್ಲ. ಶುಲ್ಕದ ಹಣ ಬೇರೆಡೆ ಹರಿಯದಂತೆ ಕಟ್ಟಿಹಾಕಿದ ಆ ಷರತ್ತನ್ನು ಮಾತ್ರ ಕಲಿಯಲೇಬೇಕು.

ಲೈಸೆನ್ಸ್ ರದ್ದಾದರೆ ಪಕ್ಕದ ರಾಜ್ಯಕ್ಕೆ ಹೋಗಬಹುದಲ್ಲ?

ಆಗದು. ಬಹುತೇಕ ಎಲ್ಲ ರಾಜ್ಯಗಳೂ ಪರಸ್ಪರ ಒಪ್ಪಂದದಲ್ಲಿವೆ, ಒಂದು ಕಡೆ ರದ್ದಾದದ್ದು ಉಳಿದ ಕಡೆಯೂ ರದ್ದು. ದಂಡದ ಚೀಟಿಗೆ ಉತ್ತರ ಕೊಡದೆ ಊರು ಬದಲಿಸಿದರೂ ಇದೇ ಗತಿ.

ಒಂದು ನಿಯಮ ತಪ್ಪು ಎನಿಸಿದರೆ ಯಾರಿಗೆ ಹೇಳಬೇಕು?

ಆಯೋಗಕ್ಕೆ. ನಿಯಮ ಬದಲಿಸುವ ಮೊದಲು ಕರಡು ಪ್ರಕಟಿಸಿ ಅಭಿಪ್ರಾಯ ಕೇಳುತ್ತಾರೆ, ಸಭೆಗಳು ಎಲ್ಲರಿಗೂ ತೆರೆದಿರುತ್ತವೆ, ಪೌರತ್ವ ಕೇಳುವುದಿಲ್ಲ. ‘ಈ ನಿಯಮ ಬೇಡ’ ಎಂದಷ್ಟೇ ಬರೆದ ಪತ್ರಕ್ಕಿಂತ ಯಾವ ಕೆರೆ, ಯಾವ ತಿಂಗಳು, ಏನು ಕಂಡಿರಿ, ಮಿತಿ ಎಷ್ಟಿರಬೇಕು ಎಂದು ಬರೆದದ್ದನ್ನು ಜೀವಶಾಸ್ತ್ರಜ್ಞರು ಓದುತ್ತಾರೆ. ಕದ್ದು ಬೇಟೆಯಾಡುವುದು ಕಂಡರೆ ನೀವೇ ತಡೆಯಲು ಹೋಗಬೇಡಿ. ಗಾಡಿಯ ಸಂಖ್ಯೆ, ಸಮಯ, ಜಾಗ ಬರೆದುಕೊಂಡು ರಾಜ್ಯದ ದೂರು ಸಂಖ್ಯೆಗೆ ಕರೆ ಮಾಡಿ. ಹೆಸರು ಹೇಳದೆಯೂ ದೂರು ಕೊಡಬಹುದು.